ಮರಣವಾದ ಸ್ಥಳ

ರಾಮಲಿಂಗಪ್ಪನವರು ಮಧುಮತಿಯನ್ನು ಕೆಲಸಕ್ಕೆ ತೆಗೆದುಕೊಂಡದ್ದು ಅವಳ ಎಂ.ಎಸ್.ಡಬ್ಲ್ಯು. ಪದವಿ ನೋಡಿ ಅಲ್ಲ, ಅವಳ ಗಂಡ ಸತ್ತನೆಂದು. ಅದನ್ನು ಅವರು ಮುಚ್ಚಿಡಲೂ ಇಲ್ಲ. “ಗುರುಸಿದ್ದ ನನ್ನ ಕೈಯಾಗ ಏಳು ವರ್ಷ ದುಡದಾನ. ನೀ ಮನ್ಯಾಗ ಕುಂತು ಏನ ಮಾಡ್ತಿ? ನಾಳಿಂದ ಆಫೀಸಿಗೆ ಬಾ” ಎಂದಿದ್ದರು. ಅವಳು ಬಂದಳು. ರನ್ನ ಬೆಳಗಲಿಯಿಂದ ಮುಧೋಳಕ್ಕೆ ಬೆಳಗಿನ ಬಸ್ಸು, ಸಂಜೆ ಅದೇ ಬಸ್ಸಿನಲ್ಲಿ ವಾಪಸು. ಎಂಟು ತಿಂಗಳು ಹೀಗೆ ಕಳೆದವು. ಯಾರಾದರೂ ಹೇಗಿದ್ದೀ ಎಂದು ಕೇಳಿದರೆ ಆರಾಮ ಎನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಎಲ್ಲಿ ನೋಯುತ್ತಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ.

ರಾಮಲಿಂಗಪ್ಪನವರದು ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ರಿಪೇರಿಯ ಗುತ್ತಿಗೆ. ಕಬ್ಬು ನುರಿಸುವ ಹಂಗಾಮು ಮುಗಿದು ಕಾರ್ಖಾನೆಗಳು ತಣ್ಣಗಾದ ಮೇಲೆ ಇವರ ಹಂಗಾಮು ಶುರುವಾಗುತ್ತಿತ್ತು. ಮುಧೋಳ, ಬೀಳಗಿ, ಜಮಖಂಡಿ, ಬನಹಟ್ಟಿ ಕಡೆಯ ಫಿಟ್ಟರು, ವೆಲ್ಡರುಗಳು ಇನ್ನೂರು ಜನ ತಂಡ ಕಟ್ಟಿಕೊಂಡು ಹೊರಡುತ್ತಿದ್ದರು. ಕೆಲವರಿಗೆ ಇಲ್ಲೇ ಸುತ್ತಮುತ್ತ ಕೆಲಸ, ಕೆಲವರಿಗೆ ಮಹಾರಾಷ್ಟ್ರದ ಸಾಂಗಲಿ ಕಡೆ, ಕೆಲವರಿಗೆ ತೆಲಂಗಾಣ. ಈ ವರ್ಷ ಮೂರೂ ರಾಜ್ಯಗಳಲ್ಲಿ ಕಾರ್ಖಾನೆಗಳಿರುವ ದೊಡ್ಡ ಕಂಪನಿಯೊಂದು ಎಲ್ಲ ಕೆಲಸ ಇವರಿಗೇ ಕೊಡುವುದಾಗಿ ಹೇಳಿ ಒಂದು ಷರತ್ತು ಹಾಕಿತ್ತು: ಕೆಲಸಗಾರನಿಗೆ ಅಪಘಾತವಾದರೆ ಯಾರಿಗೆ ತಿಳಿಸಬೇಕು, ಯಾವ ಕಾಗದ ಬೇಕು, ಪರಿಹಾರ ಯಾರಿಗೆ ಸಲ್ಲುತ್ತದೆ ಎಂಬ ನಿಯಮ ಮೂರೂ ಕಡೆ ಒಂದೇ ಇರಬೇಕು. ಆ ನಿಯಮದ ಪಟ್ಟಿ ಮಾಡುವ ಕೆಲಸ ಮಧುಮತಿಯದಾಯಿತು.

“ಅಲ್ಲಾ, ಮೂರ ಕಡೆ ಮೂರ ನಮೂನಿ ಫಾರ್ಮ್ ಇಟ್ಟೇವಲ್ಲ, ಯಾಕಂತ?” ಎಂದರು ರಾಮಲಿಂಗಪ್ಪ. “ಕಾಲ ಯಾವ ರಾಜ್ಯದಾಗ ಮುರದ್ರೂ ಕಾಲ ಅಲ್ಲೇನು?”

“ಇಲ್ರಿ ಸಾವ್ಕಾರ್ರ, ಮಹಾರಾಷ್ಟ್ರದಾಗ ಮುರದ್ರ ಅದು ಕಾಲಲ್ಲ, ಪಾಯ್ ಆಗ್ತದ” ಎಂದಳು ಮೃಣ್ಮಯಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ಜಮಖಂಡಿಯವಳು, ಮನೆಯಲ್ಲಿ ಮರಾಠಿ ಆಡುವವಳು. ಆಫೀಸಿನ ಮರಾಠಿ ಕಾಗದಗಳೆಲ್ಲ ಅವಳ ಮೇಜಿಗೇ ಹೋಗುತ್ತಿದ್ದವು.

“ಆತವ್ವಾ, ನಿನ್ನ ಬಾಯಿ ಮುರದ್ರ ಏನಂತಾರ ಅದನ್ನೂ ಪಟ್ಟ್ಯಾಗ ಬರಿ” ಎಂದು ನಗುತ್ತ ಅವರು ಹೊರಗೆ ಹೋದರು.

ಪಟ್ಟಿಯ ಮೊದಲ ಕರಡನ್ನು ಜಮಖಂಡಿಯ ವಕೀಲ ರಘೂತ್ತಮ ಅವರು ಮಾಡಿ ಕಳಿಸಿದ್ದರು. ಮಧುಮತಿ ಅದನ್ನು ಹಳೆಯ ಒಂಬತ್ತು ಅಪಘಾತಗಳ ಫೈಲುಗಳ ಜೊತೆ ಒಂದೊಂದೇ ಸಾಲು ಹೋಲಿಸಿ ನೋಡುತ್ತ ಹೋದಳು. ಹನ್ನೊಂದನೆಯ ಸಾಲಿನ ತಲೆಯ ಮೇಲೆ ‘ಮರಣವಾದ ಸ್ಥಳ’ ಎಂದಿತ್ತು. ಕೆಲಸದ ಜಾಗದಲ್ಲಿ ಆದರೆ ಹೀಗೆ, ಆಸ್ಪತ್ರೆಯಲ್ಲಿ ಆದರೆ ಹೀಗೆ ಎಂದು ಬರೆದು, ಕೊನೆಯಲ್ಲಿ ‘ಸ್ವಂತ ಮನೆಯಲ್ಲಿ: ಅನ್ವಯಿಸುವುದಿಲ್ಲ’ ಎಂದಿತ್ತು.

ಅವಳು ಫೋನು ಮಾಡಿದಳು.

“ಇನ್ಶುರನ್ಸ್‌ನವರು ಒಪ್ಪೂದಿಲ್ಲಮ್ಮಾ” ಎಂದರು ರಘೂತ್ತಮ. “ಮನಿಗೆ ಒಯ್ದು ಸತ್ರ, ಗಾಯದಿಂದ ಸತ್ತನೋ ಮತ್ತೊಂದರಿಂದ ಸತ್ತನೋ ಹೆಂಗ ಹೇಳೂದು? ನಿನ್ನ ಕೇಸಽ ಅದಲಾ ಉದಾಹರಣಿಗೆ.” ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು.

ಗುರುಸಿದ್ದನ ಫೈಲು ಒಂಬತ್ತರಲ್ಲಿ ಏಳನೆಯದು. ಸಾಂಗಲಿ ಕಡೆಯ ಕಾರ್ಖಾನೆಯಲ್ಲಿ ಬಾಯ್ಲರಿನೊಳಗೆ ಕಟ್ಟಿದ ಅಟ್ಟಣಿಗೆಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಮಿರಜದ ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟರು. ಇನ್ನು ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವಳ ಮಾವ ಶಿದ್ರಾಮಪ್ಪ ತಮ್ಮ ಜವಾಬ್ದಾರಿಯ ಮೇಲೆ ಸಹಿ ಹಾಕಿ ಮಗನನ್ನು ಊರಿಗೆ ತಂದರು. ಕಾರ್ಖಾನೆಯ ರಿಜಿಸ್ಟರಿನಲ್ಲಿ ‘ಜೀವಂತ ಕರೆದೊಯ್ದರು’ ಎಂದು ಬರೆದಿತ್ತು. ಊರಿನ ಮರಣದ ದಾಖಲೆಯಲ್ಲಿ ‘ಮನೆಯಲ್ಲಿ, ಅಶಕ್ತತೆಯಿಂದ’ ಎಂದಿತ್ತು; ಬಿದ್ದನೆಂದು ಬರೆಸಿದರೆ ಪೊಲೀಸರು ಬಂದು ಹೆಣ ಕೊಯ್ಯಿಸುತ್ತಾರೆಂದು ಮಾವ ಹಾಗೆ ಬರೆಸಿದ್ದರು. ಮಹಾರಾಷ್ಟ್ರದ ಲೆಕ್ಕದಲ್ಲಿ ಅವನು ಬದುಕಿ ಹೋದವನು. ಕರ್ನಾಟಕದ ಲೆಕ್ಕದಲ್ಲಿ ಕೆಲಸಕ್ಕೆ ಸಂಬಂಧವಿಲ್ಲದೆ ಸತ್ತವನು. ಕೆಲಸದ ಮೇಲೆ ಸತ್ತವರ ಪಟ್ಟಿಯಲ್ಲಿ ಎರಡೂ ಕಡೆ ಗುರುಸಿದ್ದ ಇರಲಿಲ್ಲ; ಪರಿಹಾರವೂ ಬಂದಿರಲಿಲ್ಲ.

ಹೀಗೆ ಮನೆಗೆ ತಂದದ್ದು ಅವನೊಬ್ಬನನ್ನೇ ಅಲ್ಲ. ಒಂಬತ್ತು ಫೈಲುಗಳಲ್ಲಿ ಇನ್ನೂ ಇಬ್ಬರಿದ್ದರು, ಒಬ್ಬ ಬೀಳಗಿಯವನು, ಒಬ್ಬ ಚಿಮ್ಮಡದವನು. ನಾಳೆ ಯಾರು ಬಿದ್ದರೂ ಅವರ ಅಪ್ಪ ಅವ್ವ ಮಾಡುವುದೂ ಅದನ್ನೇ. ಈ ಕಡೆಯ ಜನಕ್ಕೆ ಬೇರೆ ಯೋಚನೆಯೇ ಬರುವುದಿಲ್ಲ. ಹಾಗಾದರೆ ಈ ಸಾಲು ಯಾರಿಗಾಗಿ ಬರೆದದ್ದು ಎಂದು ಮಧುಮತಿಗೆ ಅನ್ನಿಸಿತು. ಮನೆಗೆ ತಂದರೂ ಪರಿಹಾರ ಸಿಗಬೇಕಾದರೆ ಕೈಯಲ್ಲಿ ಯಾವ ಕಾಗದ ಇರಬೇಕು ಎಂದು ನೋಡಲು ಅವಳು ಕಳೆದ ವರ್ಷದ ಬಿಲ್ಲುಗಳ ಪೆಟ್ಟಿಗೆ ತೆಗೆದಳು. ಗುರುಸಿದ್ದನನ್ನು ತಂದ ಆಂಬ್ಯುಲೆನ್ಸಿನ ಬಿಲ್ಲು ಅಲ್ಲಿತ್ತು. ಅದರ ಹಿಂದೆ ಪಿನ್ನು ಹಾಕಿ ಇನ್ನೊಂದು ಹಾಳೆ. ಮರಾಠಿ, ಅವಸರದ ಕೈಬರಹ.

“ಇದೇನೈತಿ ನೋಡು” ಎಂದು ಮೃಣ್ಮಯಿಯ ಮೇಜಿನ ಮೇಲಿಟ್ಟಳು.

ಮೃಣ್ಮಯಿ ಹುರಿದ ಶೇಂಗಾ ತಿನ್ನುತ್ತಿದ್ದಳು. “ಕೊಡು. ಡಾಕ್ಟರ್ ಬರದದ್ದಲ್ಲಲಾ? ಹಂಗಾದ್ರ ಓದ್ಲಿಕ್ಕೆ ಬರ್ತದ.” ಹಾಳೆಯನ್ನು ಬೆಳಕಿಗೆ ಹಿಡಿದು, ಮರಾಠಿ ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋದಳು. “ಗಾಡಿಯೊಳಗಿನ ಕಂಪೌಂಡರ್ ಬರದದ್ದು. ಹತ್ತೂ ಐವತ್ತಕ್ಕ ಆಸ್ಪತ್ರಿ ಬಿಟ್ವಿ. ಜೋಡಿ ತಂದೆ ಒಬ್ಬರಽ. ಕೈಲೆ ಪಂಪು ಒತ್ತಿ ಉಸಿರು ಕೊಡ್ಲಿಕತ್ತೇವಿ. ನಾಡಿ ಸಣ್ಣಗ ಅದ. ಹನ್ನೊಂದೂ ಹತ್ತು, ನಾಡಿ ಅದ. ಹನ್ನೊಂದೂ ಇಪ್ಪತ್ತು, ಮ್ಹೈಸಾಳಕ್ಕಿಂತ ಮೊದಲ...”

ಅವಳು ಅಗಿಯುವುದನ್ನು ನಿಲ್ಲಿಸಿದಳು.

“ಮಧು, ಇದು ಬ್ಯಾಡ.”

“ಓದು.”

“ಆಮ್ಯಾಲೆ ಓದ್ತೀನಿ ತಗೋ. ಚಾ ಕುಡಿಯೋಣ ನಡಿ.”

“ಓದ ಮೃಣ್ಮಯಿ.”

ಮೃಣ್ಮಯಿ ದನಿ ತಗ್ಗಿಸಿ ಓದಿದಳು. “ನಾಡಿ ಇಲ್ಲ. ಹತ್ತು ಮಿನಿಟು ಎದಿ ಒತ್ತಿದ್ವಿ. ಇಲ್ಲ. ತಂದೆಗೆ ಹೇಳಿದ್ವಿ. ಗಾಡಿ ತಿರುಗಿಸಿ ಮಿರಜಕ್ಕ ಒಯ್ತೀವಿ ಅಂದ್ವಿ. ತಂದೆ ಕಾಲು ಹಿಡದ್ರು. ಅವರು ಬೇಡಿಕೊಂಡದ್ದಕ್ಕ ಮುಂದ ಹೊರಟ್ವಿ.”

ಫ್ಯಾನು ತಿರುಗುತ್ತಿತ್ತು. ಹಾಳೆಯ ಮೂಲೆ ಏಳುತ್ತಿತ್ತು, ಬೀಳುತ್ತಿತ್ತು.

“ಎಷ್ಟ ಗಂಟೆ ಅಂದಿ?” ಎಂದು ಕೇಳಿದಳು ಮಧುಮತಿ.

“ಹನ್ನೊಂದೂ ಇಪ್ಪತ್ತು.”

ಮ್ಹೈಸಾಳ ಗಡಿಯ ಆಚೆಯ ಊರು. ಗಾಡಿ ಮನೆಯ ಮುಂದೆ ಬಂದು ನಿಂತಾಗ ಒಂದೂವರೆ. ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಅಳು ಬರಲಿಲ್ಲ. ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ಅದು ಬೇರೆ ಯಾರದೋ ಎಂಬಂತೆ ನೋಡುತ್ತ ಕುಳಿತಳು. ಆ ಕೈಯಿಂದಲೇ ಅವಳು ಗಂಡನಿಗೆ ನೀರು ಕುಡಿಸಿದ್ದಳು.

ಅಂದು ಶಿದ್ರಾಮಪ್ಪ ಗಾಡಿಯಿಂದ ಇಳಿಯುತ್ತಲೇ, “ಉಸಿರೈತಿ, ಉಸಿರೈತಿ, ದಾರಿ ಬಿಡ್ರಿ” ಎಂದು ಕೂಗಿದ್ದರು. ಓಣಿಯ ಗಂಡಸರು ಗುರುಸಿದ್ದನನ್ನು ಎತ್ತಿ ಒಳಗೆ ತಂದು ಪಡಸಾಲೆಯಲ್ಲಿ ಮಲಗಿಸಿದರು. ತಲೆಗೆ ಪಟ್ಟಿ, ಗದ್ದದವರೆಗೆ ಕಂಬಳಿ. ಕೈ ಮುಟ್ಟಿದರೆ ತಣ್ಣಗಿತ್ತು. “ಎ.ಸಿ. ಗಾಡಿ, ಅದಕ್ಕ” ಎಂದಿದ್ದರು ಮಾವ. ಮಠದ ಅಯ್ಯನವರು ಬಂದು ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಬಾಯಿಗೆ ಪಾದೋದಕ ಬಿಟ್ಟರು. ಅತ್ತೆ ಇಂದ್ರವ್ವ ಒಂದು ಚಮಚ ನೀರು ಹಾಕಿದಳು. ಆಮೇಲೆ ಮಧುಮತಿ. ಕೊನೆಯ ಸಲ ಕೆಲಸಕ್ಕೆ ಹೊರಡುವಾಗ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಏತಕ್ಕೆಂದು ಈಗ ಹೇಳಲೂ ನಾಚಿಕೆಯಾಗುವಷ್ಟು ಸಣ್ಣ ಕಾರಣ. ಅವಳು ಅವನ ಕಿವಿಗೆ ಬಾಯಿ ಹಚ್ಚಿ “ತಪ್ಪಾತು” ಎಂದಳು. ಆಮೇಲೆ ನೀರು ಹಾಕಿದಳು. ಗಂಟಲು ಅಲುಗಿದ್ದನ್ನು ಅವಳು ಕಣ್ಣಾರೆ ಕಂಡಳು. “ನುಂಗಿದ್ರು” ಎಂದು ಕೂಗಿದಳು. ಸುತ್ತ ಕೂತ ಹೆಂಗಸರು “ಹೂಂ, ನುಂಗಿದ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಮಾವ ಮೂಗಿನ ಹತ್ತಿರ ಬೆರಳು ಹಿಡಿದು “ಆತು” ಎಂದರು.

ಎಂಟು ತಿಂಗಳು ಅವಳು ನಡೆದಾಡಿದ್ದು, ಬಸ್ಸು ಹತ್ತಿದ್ದು, ಉಂಡದ್ದು ಅದೊಂದರ ಮೇಲೆ. ಅವನು ಕೇಳಿಸಿಕೊಂಡ, ನೀರು ಕುಡಿದ, ಹೋದ.

ಹಾಳೆಯ ಫೋಟೋವನ್ನು ರಘೂತ್ತಮರಿಗೆ ಕಳಿಸಿದ್ದು ಮೃಣ್ಮಯಿ. ಅವರು ಹತ್ತು ಮಿನಿಟಿನಲ್ಲಿ ತಾವೇ ಫೋನು ಮಾಡಿದರು. “ಇದು ಎಲ್ಲಿತ್ತಮ್ಮಾ ಇಷ್ಟ ದಿನ? ಬಿದ್ದದ್ದಕ್ಕ ಕಾರ್ಖಾನಿ ಕಾಗದ ಅದ, ಪೆಟ್ಟಿಗೆ ಆಸ್ಪತ್ರಿ ಕಾಗದ ಅದ, ಸಾವಿಗೆ ಇದು. ನಡುವ ಎಲ್ಲೂ ಕಡಿಯೂದಿಲ್ಲ. ಆದ್ರ ನಿಮ್ಮ ಮಾವನವರು ಬಂದು ಹೇಳಿಕಿ ಕೊಡಬೇಕು. ಮನ್ಯಾಗ ಸತ್ತ ಅಂತ ಬರಸಿದವರು ಅವರಽ ಅಲ್ಲೇನು?”

ರಾಮಲಿಂಗಪ್ಪನವರು ಬಿಲ್ಲನ್ನೂ ಹಾಳೆಯನ್ನೂ ಬಹಳ ಹೊತ್ತು ಹಿಡಿದುಕೊಂಡು ನಿಂತಿದ್ದರು. “ಇದಕ್ಕ ಸಹಿ ಮಾಡಿದಾಂವ ನಾನ. ಹಿಂದಿನ ಹಾಳಿ ತಿರುವಿ ನೋಡಲಿಲ್ಲ” ಎಂದರು.

ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಶಿದ್ರಾಮಪ್ಪ ಹಿತ್ತಿಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದರು. ಮಧುಮತಿ ಕೈಚೀಲವನ್ನೂ ಕೆಳಗಿಡದೆ ಅಲ್ಲಿಗೇ ಹೋದಳು.

“ಮಾವಾರ, ಅವತ್ತ ಅವರ ಉಸಿರು ನಿಂತಾಗ ಗಾಡಿ ಮ್ಹೈಸಾಳ ದಾಟಿತ್ತೇನ್ರಿ?”

ಅವರು ಯಾವ ಗಾಡಿ ಎಂದು ಕೇಳಲಿಲ್ಲ. ಮೇವಿನ ಸಿವುಡು ಕೈಯಲ್ಲೇ ಇತ್ತು. “ಇಲ್ಲ” ಎಂದರು.

ಅಷ್ಟು ಸುಲಭವಾಗಿ ಹೇಳಿಬಿಡುತ್ತಾರೆಂದು ಅವಳು ಎಣಿಸಿರಲಿಲ್ಲ. ಸುಳ್ಳೆನ್ನಲಿ, ಬೈಯಲಿ ಎಂದು ದಾರಿಯುದ್ದಕ್ಕೂ ಆಸೆಪಟ್ಟಿದ್ದಳು.

“ಯಾರ ಹೇಳಿದ್ರು?” ಎಂದರು ಅವರು.

“ಕಾಗದ ಐತ್ರಿ. ಗಾಡಿಯವರು ಬರದಾರ.”

“ಬರದಾರ?” ಅವರು ಸಿವುಡನ್ನು ನೆಲಕ್ಕಿಟ್ಟರು. “ಏನ ಮಾಡ್ಲಿ ಯವ್ವಾ? ಹೆಣ ಅಂದಿದ್ರ ಊರ ಹೊರಗ ಇಳಸ್ತಿದ್ರು. ಸೊಲ್ಲಾಪುರ ಹಾದ್ಯಾಗ ಸತ್ತ ಯಲ್ಲಾಲಿಂಗನ್ನ ಹುಣಸಿಗಿಡದ ಬುಡಕ ಮಲಗಿಸಿದ್ದು ನೀ ನೋಡಿಲ್ಲೇನು? ಅವನ ಹೇಂತಿ ಬಾಗಲದಾಗ ನಿಂತು ಒದರಿ ಒದರಿ ದನಿ ಹೋತು, ಒಳಗ ತರಲಿಲ್ಲ. ಹೊರಗ ಸತ್ತದ್ದು ಒಳಗ ಬರಬಾರದು ಅಂತಾರ. ನನ್ನ ಮಗಾ ತಾ ಕಟ್ಟಿಸಿದ ಮನಿ ಒಳಗ ಒಮ್ಮೆ ಬರಬ್ಯಾಡೇನು?”

“ಅಯ್ಯನವರಿಗೆ ಗೊತ್ತಿತ್ತೇನ್ರಿ?”

“ಮುಟ್ಟಿದವರಿಗೆಲ್ಲ ಗೊತ್ತಾಗಿರಬೇಕು. ಯಾರೂ ಬಾಯಿ ಬಿಡಲಿಲ್ಲ, ಪುಣ್ಯಾತ್ಮರು.” ಎಮ್ಮೆಯ ಕಡೆ ತಿರುಗಿ, “ನಿನಗ, ನಿಮ್ಮತ್ತಿಗೆ, ಇಬ್ಬರಿಗೆ ಬಿಟ್ಟು ಎಲ್ಲಾರಿಗೂ” ಎಂದರು.

ಪಡಸಾಲೆ ತುಂಬ ಕೂತ ಮುಖಗಳು ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ಅನಸವ್ವ, ಗುರುಬಾಯಿ, ಸಿದ್ದಕ್ಕ. ಹೂಂ, ನುಂಗಿದ ಎಂದವರು. ಎತ್ತಿ ತಂದ ಗಂಡಸರು. ಅಷ್ಟೂ ಜನ ಕೂಡಿ ಅವಳನ್ನು ಸುತ್ತುವರಿದು ಒಬ್ಬ ಸತ್ತವನನ್ನು ಅರ್ಧ ತಾಸು ಬದುಕಿಸಿ ಇಟ್ಟಿದ್ದರು. ಆ ಎಂಟು ತಿಂಗಳಲ್ಲಿ ಯಾರ ಮುಖದಲ್ಲೂ ಏನೂ ಕಂಡಿರಲಿಲ್ಲ.

“ಹಂಗಾದ್ರ ನೀರ ಯಾರ ಕುಡದ್ರು?”

ಇಬ್ಬರೂ ತಿರುಗಿ ನೋಡಿದರು. ಹಿತ್ತಿಲ ಬಾಗಿಲಲ್ಲಿ ಇಂದ್ರವ್ವ ಹಾಲಿನ ತಂಬಿಗೆ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವವರ ಹಾಗೆ ಕೇಳಿದ್ದಳು.

ತಲೆದಿಂಬು ಒದ್ದೆಯಾಗಿದ್ದು, ತಾನೇ ಸೆರಗಿನಿಂದ ಅವನ ಕುತ್ತಿಗೆ ಒರೆಸಿದ್ದು ಮಧುಮತಿಗೆ ಆಗ ನೆನಪಾಯಿತು. ಒರೆಸುವಾಗ ಅದು ತಾನು ಹಾಕಿದ ನೀರೆಂದೇ ಅವಳಿಗೆ ತಿಳಿದಿತ್ತು. ತಿಳಿದೂ ತಿಳಿದಿರಲಿಲ್ಲ.

ಇಂದ್ರವ್ವ ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. “ನಾ ಹಾಕಿದ್ದು? ಅದೂ?” ಎಂದಳು.

ಆಮೇಲೆ ಎರಡು ದಿನ ರೊಟ್ಟಿ ಬಡಿಯುವ ಸದ್ದು ಎಂದಿನಂತೆ ಕೇಳುತ್ತಿತ್ತು, ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ಉಣ್ಣುತ್ತಿದ್ದರು. ಮೂರನೆಯ ದಿನ ಮಧುಮತಿ ಮಾವನ ಮುಂದೆ ಪಟ್ಟಿಯ ಕರಡು ಹಿಡಿದು ಹನ್ನೊಂದನೆಯ ಸಾಲನ್ನು ಓದಿ ಹೇಳಿದಳು.

“ನನಗ ರೊಕ್ಕ ಬರಲಿ, ಬಿಡಲಿ. ನಾಳೆ ಮತ್ತೊಬ್ಬರ ಮಗಾ ಬಿದ್ರ ಅವರೂ ಮನಿಗೇ ತರತಾರ್ರಿ. ಈ ಸಾಲ ಹಿಂಗಽ ಉಳದ್ರ ಅವನೂ ಯಾವ ಲೆಕ್ಕದಾಗೂ ಇರೂದಿಲ್ಲ. ಇದನ್ನ ಅಳಸಬೇಕಂದ್ರ ಖರೆ ಏನಾತು ಅಂತ ಒಬ್ಬರು ಹೇಳಬೇಕು.”

“ಹೇಳಿದ್ರ ಊರ ಮಂದಿ ಬಿಡ್ತಾರೇನವ್ವಾ? ಇನ್ನಮ್ಯಾಲೆ ಯಾರ ಮನ್ಯಾಗ ಏನ ಕೆಟ್ಟದ್ದಾದ್ರೂ ಶಿದ್ರಾಮಪ್ಪ ಹೆಣ ಒಳಗ ತಂದದ್ದಕ್ಕ ಅಂತಾರ. ಅಯ್ಯನವರ ಹೆಸರೂ ಕೆಡತೈತಿ.”

ಒಳಗಿನಿಂದ ಇಂದ್ರವ್ವ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಗಂಡನ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದಳು. “ಹೋಗ್ರಿ. ಕೋರ್ಟಿನಾಗ ಹೇಳ್ರಿ, ಕಚೇರ್ಯಾಗ ಹೇಳ್ರಿ, ಬೇಕಂದ್ರ ಚಾವಡ್ಯಾಗ ನಿಂತು ಹೇಳ್ರಿ. ನನ್ನ ಮುಂದ ಮಾತ್ರ ಇನ್ನೊಮ್ಮೆ ಹೇಳಬ್ಯಾಡ್ರಿ.”

ಆ ದಿನ ಆಫೀಸಿನಲ್ಲಿ ಮಧುಮತಿ ಹನ್ನೊಂದನೆಯ ಸಾಲನ್ನು ಹೊಡೆದುಹಾಕಿ ಬರೆದಳು: ‘ಗಾಯ ಕೆಲಸದ ಮೇಲೆ ಆದದ್ದಾದರೆ, ಜೀವ ಎಲ್ಲಿ ಹೋದರೂ, ಯಾವ ರಾಜ್ಯದಲ್ಲಿ ಹೋದರೂ ನಿಯಮ ಒಂದೇ.’ ಅದರ ಕೆಳಗೆ ಇನ್ನೊಂದು ಸೇರಿಸಿದಳು: ‘ಕೆಲಸಗಾರನನ್ನು ಸಾಗಿಸಿದ ವಾಹನದ ಟಿಪ್ಪಣಿಯನ್ನು ಒಂದು ದಿನದೊಳಗೆ ಮನೆಯವರಿಗೆ ಕೊಡಬೇಕು. ಅವರ ಭಾಷೆಯಲ್ಲಿ ಓದಿ ಹೇಳಬೇಕು.’ ರಾಮಲಿಂಗಪ್ಪನವರು ಓದಿದರು. “ಇದು ಯಾವ ರಾಜ್ಯದ ಕಾಯ್ದೆದಾಗೂ ಇಲ್ಲಲ್ಲ” ಎಂದರು. ಇಲ್ಲ ಎಂದಳು. ಇರಲಿ ಎಂದು ಸಹಿ ಹಾಕಿದರು.

ಸೋಮವಾರ ಶಿದ್ರಾಮಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ಸೊಸೆಯ ಜೊತೆ ಜಮಖಂಡಿಗೆ ಬಂದರು. ರಘೂತ್ತಮರ ಆಫೀಸಿನಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಪಕ್ಕದಲ್ಲಿ ಒಬ್ಬಳು ಟೈಪು ಮಾಡುತ್ತಿದ್ದಳು. ಆಸ್ಪತ್ರೆ ಬಿಟ್ಟದ್ದು, ಪಂಪು ಒತ್ತಿದ್ದು, ಮ್ಹೈಸಾಳಕ್ಕಿಂತ ಮೊದಲೇ ನಾಡಿ ನಿಂತದ್ದು, ತಾನು ಕಾಲು ಹಿಡಿದದ್ದು. ಮಧುಮತಿ ಕಿಟಕಿಯ ಕಡೆ ಮುಖ ಮಾಡಿ ಕೇಳುತ್ತಿದ್ದಳು. ಪ್ರತಿಯೊಂದು ಮಾತಿಗೂ ಆ ಮಧ್ಯಾಹ್ನದಿಂದ ಏನೋ ಒಂದು ಹರಿದು ಹೋಗುತ್ತಿತ್ತು. ಮೊದಲು ನೀರು. ಆಮೇಲೆ ಅವಳು ಕಿವಿಯಲ್ಲಿ ಹೇಳಿದ್ದು. ಕೊನೆಗೆ ಆ ಪಡಸಾಲೆಯೇ.

“ಅಲ್ಲಿಂದ ಮನಿ ಮುಟ್ಟೂತನಕ ಏನ ಮಾಡಿದ್ರಿ?” ಎಂದರು ರಘೂತ್ತಮ.

“ಮಾತಾಡಿಕೋತ ಬಂದ್ನಿರಿ.”

“ಡ್ರೈವರ್ ಜೋಡಿ?”

“ಮಗನ ಜೋಡಿ.”

ಟೈಪಿನ ಸದ್ದು ನಿಂತಿತು.

“ಕಾಗವಾಡದ ಗಡಿ ನಾಕಾದಾಗ ಗಾಡಿ ನಿಂತ್ರಿ. ಮಂದಿ ಕಿಡಕ್ಯಾಗ ಹಣಿಕಿ ಹಾಕಾಕತ್ರು. ಮಾತಾಡದಿದ್ರ ತಿಳೀತಿತ್ರಿ ಅವರಿಗೆ. ಅದಕ್ಕ, ನೋಡಪಾ ಕಾಗವಾಡ ಬಂತು, ಅಂದೆ. ಆಮ್ಯಾಲೆ ಬಿಡಾಕ ಆಗಲಿಲ್ರಿ. ಉಗಾರ ಬಂತು ಅಂದೆ. ಕುಡಚಿ ಬಂತು, ಹೊಳಿ ತುಂಬೇತಿ ನೋಡು ಅಂದೆ. ಸಣ್ಣಾಂವಿದ್ದಾಗ ಬಸ್ಸಿನಾಗ ಹಿಂಗಽ ಕೇಳತಿದ್ದ, ಇದ್ಯಾವ ಊರು ಅಪ್ಪಾ, ಇದ್ಯಾವ ಊರು ಅಪ್ಪಾ ಅಂತ.”

ರಘೂತ್ತಮ ಕನ್ನಡಕ ತೆಗೆದು ಒರೆಸಿಕೊಂಡರು. “ಇದು ಬ್ಯಾಡಮ್ಮಾ”, ಟೈಪಿನವಳಿಗೆ ಹೇಳಿದರು. “ಊರು ಮುಟ್ಟಿದಲ್ಲಿಂದ ಹಾಕು.”

“ಬರಕೋರಿ ವಕೀಲ್ರ” ಎಂದಳು ಮಧುಮತಿ.

“ಕೇಸಿಗೆ ಉಪಯೋಗಿಲ್ಲ ಅದು.”

“ಇರಲ್ರಿ.” ಅವಳು ಕಿಟಕಿ ಬಿಟ್ಟು ಬಂದು ಮಾವನ ಪಕ್ಕದ ಕುರ್ಚಿಯಲ್ಲಿ ಕುಳಿತಳು. “ಮಾವಾರ, ಕುಡಚಿ ಆದಮ್ಯಾಲೆ ಹೇಳ್ರಿ.”

ಶಿದ್ರಾಮಪ್ಪ ಸೊಸೆಯ ಮುಖ ನೋಡಿದರು. ಆಮೇಲೆ ನೆಲ ನೋಡುತ್ತ, ಒಂದೊಂದೇ ಊರು, ತೇರದಾಳ, ರಬಕವಿ, ಬನಹಟ್ಟಿ, ಎಲ್ಲಿ ಏನೇನು ಹೇಳಿದೆನೆಂದು ಹೇಳತೊಡಗಿದರು.